ಅಡ್ವಾನ್ಸ್ ಕೊಟ್ಟಾಯ್ತು, ಮೀಟಿಂಗ್ ಕ್ಯಾನ್ಸಲ್ ಆಯ್ತು: ಈಗ ದುಡ್ಡು ಯಾರದ್ದು?

ಇವತ್ತಿನ ಸಂಚಿಕೆಯ ವಿಷಯ ಸರಳ, ಆದ್ರೆ ಜಗಳ ದೊಡ್ಡದು. ಗುಂಪಿಗೆ ಅಂತ ರೂಮು, ಹಾಲು, ಊಟ ಎಲ್ಲ ಬುಕ್ ಮಾಡಿದ್ದೀರಿ. ಕಾರ್ಯಕ್ರಮ ರದ್ದಾಯ್ತು. ಕೊಟ್ಟ ಅಡ್ವಾನ್ಸ್ ವಾಪಸ್ ಬರಬೇಕಾ, ಮುಳುಗಬೇಕಾ?

ನಮ್ಮ ಯಲ್ಲಾಪುರದ ಕಡೆ ಈ ಪ್ರಶ್ನೆಗೆ ತೂಕ ಜಾಸ್ತಿ. ಸಾತೊಡ್ಡಿ, ಮಾಗೋಡು ಜಲಪಾತ ತುಂಬಿ ಹರಿಯೋದು ಮಳೆಗಾಲದಲ್ಲಿ. ರಸ್ತೆ ಕೈ ಕೊಡೋದೂ ಅದೇ ಮಳೆಗಾಲದಲ್ಲಿ. 2021ರ ಜುಲೈ ನೆನಪಿರಬಹುದು. ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಅಂಕೋಲಾ ಕಡೆಯ ಹೆದ್ದಾರಿ ಬಂದ್ ಆಯ್ತು. ಗುಳ್ಳಾಪುರದಲ್ಲಿ ಗಂಗಾವಳಿ ನದಿಯ ಸೇತುವೆ ಕೊಚ್ಚಿಹೋಯ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಹಾಗಾಗಿ ಇಲ್ಲಿ ಬುಕಿಂಗ್ ಮಾಡುವಾಗಲೇ ಕ್ಯಾನ್ಸಲ್ ಬಗ್ಗೆ ಮಾತಾಡೋದು ಅಪಶಕುನ ಅಲ್ಲ, ಬುದ್ಧಿವಂತಿಕೆ.

ಒಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆ. ಹಳೇ ವಿದ್ಯಾರ್ಥಿಗಳ ಒಂದು ಸಂಘ, 40 ಜನ, ಒಂದು ರಾತ್ರಿ. 20 ರೂಮು, ತಲಾ 2,500, ಅಂದ್ರೆ 50,000. ಊಟ ತಲೆಗೆ 600, ಒಟ್ಟು 24,000. ಹಾಲ್ ಬಾಡಿಗೆ 6,000. ಎಲ್ಲ ಸೇರಿ 80,000. ಅರ್ಧ, ಅಂದ್ರೆ 40,000 ಅಡ್ವಾನ್ಸ್ ಕೊಟ್ಟಿದ್ದಾರೆ.

ಮೊದಲ ಸಂದರ್ಭ. 25 ದಿನ ಮೊದಲೇ ಸಂಘದವರು ಬೇಡ ಅಂದ್ರು. ಮಾಲೀಕರು 15 ರೂಮು ಅದೇ ರೇಟಿಗೆ ಬೇರೆಯವರಿಗೆ ಕೊಟ್ರು, ಅವರೂ ಅಲ್ಲೇ ಊಟ ಮಾಡಿದ್ರು. ಖಾಲಿ ಉಳಿದದ್ದು 5 ರೂಮು. ಒಂದು ರೂಮಿಗೆ ಲಾಂಡ್ರಿ, ಕರೆಂಟು, ಕ್ಲೀನಿಂಗ್ ಅಂತ 500 ಉಳಿಯಿತು ಅಂದ್ಕೊಳ್ಳಿ. ಆಗ ನಷ್ಟ 5 ರೂಮಿಗೆ 10,000. ಹಾಲ್ 6,000. ಹತ್ತು ಜನರ ಊಟದಲ್ಲಿ ತಪ್ಪಿಹೋದ ಲಾಭ, ತಲೆಗೆ 200ರಂತೆ 2,000. ಒಟ್ಟು 18,000. ಅಂದ್ರೆ 22,000 ವಾಪಸ್ ಬರೋದು ನ್ಯಾಯ. 40,000 ಪೂರ್ತಿ ಇಟ್ಕೊಂಡ್ರೆ ಅದು ನಷ್ಟ ಪರಿಹಾರ ಅಲ್ಲ, ದಂಡ.

ಎರಡನೇ ಸಂದರ್ಭ. ಹಿಂದಿನ ರಾತ್ರಿ ಫೋನ್ ಮಾಡಿ ಬೇಡ ಅಂದ್ರು. ರೂಮು ಒಂದೂ ಹೋಗಲಿಲ್ಲ. ರೂಮು, ಹಾಲ್ ಎರಡರದ್ದೇ ನಷ್ಟ 46,000. ತರಕಾರಿ, ಹಾಲು ತಂದಾಗಿದೆ, ಅಡುಗೆಯವರಿಗೆ ಮಾತು ಕೊಟ್ಟಾಗಿದೆ. ಇಲ್ಲಿ ಪೂರ್ತಿ ಅಡ್ವಾನ್ಸ್ ಇಟ್ಕೊಂಡ್ರೂ ಮಾಲೀಕರಿಗೇ ಲುಕ್ಸಾನು. ನಾಲ್ಕು ತಿಂಗಳ ಸೀಸನ್ ನಂಬಿ ಸಾಲ ತಂದು ಮನೆ ಕಟ್ಟಿದವರಿಗೆ ಇದು ಸಣ್ಣ ಮೊತ್ತ ಅಲ್ಲ.

ನೋಡಿ, ಅಡ್ವಾನ್ಸ್ ಅದೇ, ಉತ್ತರ ಮಾತ್ರ ಬೇರೆ. ಕಾನೂನೂ ಹೆಚ್ಚುಕಮ್ಮಿ ಹೀಗೇ ಯೋಚಿಸುತ್ತೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದು ಗರಿಷ್ಠ ಮಿತಿ ಅಷ್ಟೇ. ಸಿಗೋದು ಅದರೊಳಗಿನ ಸಮಂಜಸವಾದ ಪರಿಹಾರ. ಕೈಲಾಸ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಮುಂಗಡ ಹಣದ ಮುಟ್ಟುಗೋಲಿಗೂ ಇದೇ ಕಲಂ ಅನ್ವಯಿಸಿತು. ನಷ್ಟವೇ ಆಗದಿದ್ದರೆ ಪರಿಹಾರದ ಪ್ರಶ್ನೆಯೂ ಇಲ್ಲ.

ಇನ್ನು ಮೂರನೇ ಸಂದರ್ಭ, ದಾರಿ ಬಂದ್. 56ನೇ ಕಲಂ ಪ್ರಕಾರ ಕೆಲಸ ಅಸಾಧ್ಯವಾದ್ರೆ ಕರಾರು ಅಲ್ಲಿಗೇ ಮುಗೀತು. 65ನೇ ಕಲಂ ಪ್ರಕಾರ ಪಡೆದ ಲಾಭ ಹಿಂದಿರುಗಿಸಬೇಕು. ಆದ್ರೆ ‘ಕಷ್ಟ’ ಬೇರೆ, ‘ಅಸಾಧ್ಯ’ ಬೇರೆ. ಅರಬೈಲ್ ಘಟ್ಟ ಬಂದ್ ಆದ್ರೆ ಕಾರವಾರದವರಿಗೆ ಅಂಕೋಲಾ ಮೇಲಿನ ದಾರಿ ಇಲ್ಲ. ಹುಬ್ಬಳ್ಳಿಯವರು ಕಲಘಟಗಿ ಮೇಲೆ ಆರಾಮಾಗಿ ಬರಬಹುದು. ಗುಂಪಿನಲ್ಲಿ ಇಬ್ಬರೂ ಇದ್ರೆ? ಇದನ್ನ ಕೋರ್ಟಿಗೆ ಬಿಡೋದಕ್ಕಿಂತ ಮೊದಲೇ ಬರೆದುಕೊಳ್ಳೋದು ಒಳ್ಳೇದು.

ಏನು ಬರೀಬೇಕು? ವಾಟ್ಸ್‌ಆ್ಯಪ್‌ನಲ್ಲಿ ಐದು ಸಾಲು ಸಾಕು, ಎದುರಿನವರು ‘ಒಪ್ಪಿದೆ’ ಅಂತ ಉತ್ತರ ಕೊಟ್ಟಿರಬೇಕು.

ಒಂದು, ಎಷ್ಟು ದಿನ ಮೊದಲು ರದ್ದು ಮಾಡಿದ್ರೆ ಎಷ್ಟು ಕಡಿತ. ಉದಾಹರಣೆಗೆ 30 ದಿನ ಮೊದಲಾದ್ರೆ ಅಡ್ವಾನ್ಸಿನ ಶೇ. 10, 15 ದಿನ ಮೊದಲಾದ್ರೆ ಶೇ. 50, ಕೊನೆಯ 3 ದಿನದಲ್ಲಾದ್ರೆ ಪೂರ್ತಿ.

ಎರಡು, ಖಾಲಿಯಾದ ರೂಮು ಬೇರೆಯವರಿಗೆ ಹೋದ್ರೆ ಅಷ್ಟು ವಾಪಸ್.

ಮೂರು, ಜನ ಕಡಿಮೆಯಾದ್ರೆ ಏನು. 40 ಅಂದು 30 ಜನ ಬರೋದು ಎಲ್ಲ ಕಡೆ ನಡೆಯುತ್ತೆ. 7 ದಿನ ಮೊದಲು ಅಂತಿಮ ಸಂಖ್ಯೆ ಹೇಳೋದು, ಶೇ. 10 ಏರುಪೇರಿಗೆ ದುಡ್ಡಿಲ್ಲ ಅಂತ ಒಪ್ಪಿಕೊಳ್ಳೋದು.

ನಾಲ್ಕು, ಯಾವ ರಸ್ತೆ ಬಂದ್ ಆದ್ರೆ ರದ್ದು ಅಂತ ಲೆಕ್ಕ, ಅದಕ್ಕೆ ಆಧಾರ ಜಿಲ್ಲಾಧಿಕಾರಿ ಆದೇಶವೇ ಅಂತ. ಆಗ ಹಣ ವಾಪಸ್ಸೋ, ಬೇರೆ ದಿನಾಂಕವೋ, ಆರಿಸೋರು ಯಾರು ಅಂತಾನೂ ಬರೀರಿ.

ಐದು, ಮಾಲೀಕರೇ ರದ್ದು ಮಾಡಿದ್ರೆ ಏನು. ಹೆಚ್ಚು ರೇಟಿನ ಮದುವೆ ಬಂತು ಅಂತ ನಿಮ್ಮನ್ನ ಕೈಬಿಟ್ರೆ ಪೂರ್ತಿ ಹಣದ ಜೊತೆ ಪರಿಹಾರವೂ ಬರಬೇಕು. ನ್ಯಾಯ ಅಂದ್ರೆ ಎರಡೂ ಕಡೆಗೆ ಒಂದೇ ತಕ್ಕಡಿ.

ಮಾತುಕತೆ ಮುರಿದು ಬಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದ ನಷ್ಟಕ್ಕೆ ತಾಳೆಯೇ ಆಗದ ದಂಡ ಹಾಕೋ ಕರಾರನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ನ್ಯಾಯಸಮ್ಮತವಲ್ಲದ ಕರಾರು’ ಅನ್ನುತ್ತೆ. ಆ ದೂರು ಹೋಗೋದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ. ಆದ್ರೆ ಕಂಪನಿ ವ್ಯಾಪಾರದ ಉದ್ದೇಶಕ್ಕೆ ಬುಕ್ ಮಾಡಿದ್ರೆ ಅದು ‘ಗ್ರಾಹಕ’ ಅನ್ನೋ ವ್ಯಾಖ್ಯೆಯಿಂದಲೇ ಹೊರಗೆ ಹೋಗಬಹುದು. ಅಂಥವರಿಗೆ ಬರೆದಿಟ್ಟ ಕರಾರೇ ದೊಡ್ಡ ಬಲ.

ಈ ಮಳೆಗಾಲಕ್ಕೆ ಬುಕಿಂಗ್ ಮಾಡೋ ಗೆಳೆಯರಿಗೂ, ಹೋಮ್‌ಸ್ಟೇ ನಡೆಸೋ ಅಣ್ಣ-ಅಕ್ಕಂದಿರಿಗೂ ಈ ಐದು ಸಾಲು ಕಳಿಸಿ. ಯುಪಿಐ ಪಿನ್ ಒತ್ತೋ ಮೊದಲು ಓದಿದ್ರೆ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.