ಹರ್ಪಿಸ್: ಯಾವುದರಿಂದ ಹರಡುತ್ತದೆ, ಯಾವುದರಿಂದ ಹರಡುವುದಿಲ್ಲ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಸಂತಾನೋತ್ಪತ್ತಿ ಆರೋಗ್ಯದ ಪಾಠದಲ್ಲಿ ಒಂದು ಮಾತು ಬರುತ್ತದೆ. ಲೈಂಗಿಕವಾಗಿ ಹರಡುವ ರೋಗಗಳಲ್ಲಿ ಹೆಪಟೈಟಿಸ್-ಬಿ, ಜನನಾಂಗದ ಹರ್ಪಿಸ್ ಮತ್ತು ಎಚ್‌ಐವಿ ಬಿಟ್ಟು ಉಳಿದವು ಬೇಗ ಪತ್ತೆಯಾದರೆ ಪೂರ್ತಿ ಗುಣವಾಗುತ್ತವೆ ಎಂದು. ಒಂದು ಅಂಕದ ಪ್ರಶ್ನೆಗೆಂದು ಅದನ್ನು ಬಾಯಿಪಾಠ ಮಾಡಿ, ತಲೆ ತಗ್ಗಿಸಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ವೈದ್ಯರ ಬಾಯಿಂದ ಆ ಹೆಸರು ಕೇಳಿ ಬಂದವರು ಮನೆಯಲ್ಲಿ ಏನು ಮಾಡಬೇಕು? ತಟ್ಟೆ ಬೇರೆ ಇಡಬೇಕೇ? ವುಜೂ ಮಾಡುವ ತಂಬಿಗೆ ಬೇರೆ ಮಾಡಬೇಕೇ?

ಬೇಕಾಗಿಲ್ಲ. ಈ ವೈರಸ್ ದೇಹದ ಹೊರಗೆ ಹೆಚ್ಚು ಹೊತ್ತು ಬದುಕುವುದಿಲ್ಲ. ಶೌಚಾಲಯ, ಹಾಸಿಗೆ, ನೀರು, ಒಂದೇ ತಾಟಿನಲ್ಲಿ ಊಟ, ಸಲಾಂ ಹೇಳಿ ಕೈ ಕುಲುಕುವುದು, ಇವುಗಳಿಂದ ಜನನಾಂಗದ ಹರ್ಪಿಸ್ ಬರುವುದಿಲ್ಲ. ಸೋಂಕಿರುವ ಜಾಗದ ಚರ್ಮಕ್ಕೆ ಚರ್ಮ ನೇರವಾಗಿ ತಾಗಿದಾಗ, ಅಂದರೆ ಬಹುತೇಕ ಲೈಂಗಿಕ ಸಂಪರ್ಕದಿಂದಲೇ ಅದು ದಾಟುತ್ತದೆ.

ಹೆಸರಿನ ಗೊಂದಲವೂ ಇದೆ. ನಮ್ಮ ಕಡೆ ಸರ್ಪಸುತ್ತು ಎನ್ನುವುದು ಹರ್ಪಿಸ್ ಜೋಸ್ಟರ್; ಹಿಂದೆ ಬಂದುಹೋದ ಸಿಡುಬಿನಂಥ ಚಿಕನ್‌ಪಾಕ್ಸ್ ವೈರಸ್ ಮತ್ತೆ ಏಳುವುದು. ಅದು ಲೈಂಗಿಕ ರೋಗವಲ್ಲ. ಸೊಂಟಕ್ಕೆ ಸರ್ಪಸುತ್ತಾದ ಅಜ್ಜಿಯ ಚೀಟಿಯಲ್ಲಿ 'ಹರ್ಪಿಸ್' ಎಂದು ಓದಿ ಯಾರೂ ಗಾಬರಿಯಾಗಬಾರದು. ನಾವು ಹೇಳುತ್ತಿರುವುದು ಹರ್ಪಿಸ್ ಸಿಂಪ್ಲೆಕ್ಸ್. ಅದರ ಒಂದನೇ ಬಗೆ ಸಾಮಾನ್ಯವಾಗಿ ತುಟಿಯ ಗುಳ್ಳೆಗೆ ಕಾರಣ, ಎರಡನೆಯದು ಜನನಾಂಗದ ಹುಣ್ಣಿಗೆ. ಒಂದನೆಯದೂ ಜನನಾಂಗಕ್ಕೆ ಬರಬಲ್ಲದು. 15ರಿಂದ 49 ವಯಸ್ಸಿನವರಲ್ಲಿ ಜಗತ್ತಿನಾದ್ಯಂತ 50 ಕೋಟಿಗೂ ಹೆಚ್ಚು ಮಂದಿಗೆ ಎರಡನೇ ಬಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹುಣ್ಣು ಮಾಯ್ದ ಮೇಲೆ ವೈರಸ್ ಬೆನ್ನುಹುರಿಯ ಹತ್ತಿರದ ನರಗಂಟಿನಲ್ಲಿ ಅಡಗಿ ಕೂರುತ್ತದೆ, ಆಗಾಗ ಚರ್ಮಕ್ಕೆ ಬರುತ್ತದೆ. ಹುಣ್ಣು ಇರುವಾಗ ಅಪಾಯ ಅತಿ ಹೆಚ್ಚು. ಆಗ ದಾಂಪತ್ಯ ಸಂಪರ್ಕ ಪೂರ್ತಿ ನಿಲ್ಲಿಸಬೇಕು. ಹುಣ್ಣು ಕಾಣದ ದಿನಗಳಲ್ಲೂ ಸ್ವಲ್ಪ ಅಪಾಯ ಇದ್ದೇ ಇದೆ. ಕಾಂಡೋಮ್ ಅದನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟಬಹುದು. ದಿನವೂ ಮಾತ್ರೆ ತೆಗೆದುಕೊಂಡರೆ? 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು 1,500 ಜೋಡಿಗಳನ್ನು 8 ತಿಂಗಳು ಗಮನಿಸಿದರು. ವ್ಯಾಲಸೈಕ್ಲೊವಿರ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 1.9 ಸಂಗಾತಿಗಳಿಗೆ ಸೋಂಕು ತಗಲಿತು, ಕೊಡದ ಗುಂಪಿನಲ್ಲಿ 3.6. ಮಾತ್ರೆ ಅಪಾಯವನ್ನು ಅರ್ಧಕ್ಕೆ ಇಳಿಸಿತು ಎಂಬುದರ ಜೊತೆಗೆ ಇನ್ನೊಂದನ್ನೂ ಗಮನಿಸಿ: ಮಾತ್ರೆ ಇಲ್ಲದವರಲ್ಲೂ ಬಹುಪಾಲು ಸಂಗಾತಿಗಳಿಗೆ ಆ ಅವಧಿಯಲ್ಲಿ ಸೋಂಕು ತಗಲಲಿಲ್ಲ.

ಮನೆ ಒಡೆಯುವುದು ವೈರಸ್‌ನಿಂದ ಅಲ್ಲ, ಸಂಶಯದಿಂದ. ಸೋಂಕು ತಗಲಿದ ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮೊದಲ ಹುಣ್ಣು ವರ್ಷಗಳ ನಂತರವೂ ಕಾಣಿಸಬಹುದು. ಹಾಗಾಗಿ ಇವತ್ತು ಹುಣ್ಣು ಕಂಡಿತೆಂದು ಗಂಡನೋ ಹೆಂಡತಿಯೋ ಮೊನ್ನೆ ತಪ್ಪು ಮಾಡಿದರು ಎಂದು ಹೇಳಲಾಗದು. ಆರೋಪ ಹೆಚ್ಚಾಗಿ ಹೆಣ್ಣಿನ ಮೇಲೆಯೇ ಬೀಳುತ್ತದೆ ಎಂಬುದನ್ನು ನಾವು ಬಲ್ಲೆವು. ನಿಕಾಹ್‌ಗೆ ಮುಂಚೆ ಗೊತ್ತಿದ್ದರೆ ಮುಚ್ಚಿಡದೆ ಹೇಳುವುದೇ ನ್ಯಾಯ. ಗರ್ಭಿಣಿಯಾದರೆ ವೈದ್ಯರಿಗೆ ಹೇಳಲೇಬೇಕು: ಹಳೆಯ ಸೋಂಕಿನಿಂದ ಮಗುವಿಗೆ ಅಪಾಯ ಬಹಳ ಕಡಿಮೆ, ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗಲಿದರೆ ಬಹಳ ಹೆಚ್ಚು.

ನಮ್ಮ ಜಿಲ್ಲೆಗೆ ಇದು ದೂರದ ವಿಷಯವಲ್ಲ. ಎರಡು ದಶಕದ ಹಿಂದೆ ಬಾಗಲಕೋಟೆ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. ಎರಡನೇ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗಲುವ ಸಂಭವ ಸುಮಾರು ಮೂರು ಪಟ್ಟು. ಆದ್ದರಿಂದ ಹುಣ್ಣು ಕಂಡವರು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆ ಕೆಂಪು ಬಣ್ಣದ ಔಷಧ ಕಿಟ್ ಉಚಿತವಾಗಿ ಕೊಡುತ್ತಾರೆ, ಅದರಲ್ಲಿರುವುದು ಅಸೈಕ್ಲೊವಿರ್. ನಿಮ್ಮ ವಯಸ್ಸಿನವರಿಗೆ ಸ್ನೇಹಾ ಕ್ಲಿನಿಕ್‌ಗಳಿವೆ. ಎದುರಿಗೆ ಕೂತು ಕೇಳಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ, ಹಣ ಬೀಳುವುದಿಲ್ಲ.