ಕನವಿನ ಮಕ್ಕಳು ಕೊಟ್ಟ ಉತ್ತರ

ಶಾಲೆಗೆ ಹೋಗದೆ ಕಲಿಯುವ ಮಗುವಿಗೆ ಊರಿನವರು ಎರಡು ಪ್ರಶ್ನೆ ಹಾಕುತ್ತಾರೆ. ಬಸ್ಸಿನಲ್ಲೋ ಮದುವೆಮನೆಯಲ್ಲೋ ಎದುರಾಗುವ ಮೊದಲನೆಯದು ‘ಎಷ್ಟನೇ ಕ್ಲಾಸು ಪುಟ್ಟಾ?’ ಅದಕ್ಕೆ ಥಟ್ಟನೆ ಉತ್ತರ ಬಾರದಿದ್ದರೆ ಬೆನ್ನಿಗೇ ಇನ್ನೊಂದು: ‘ನೀವು ಯಾವ ಜನ? ಯಾವ ದೇವರಿಗೆ ನಡೆದುಕೊಳ್ಳುತ್ತೀರಿ?’ ಮನೆಯಲ್ಲೇ ಕಲಿಸುವ ತಂದೆತಾಯಿಗಳು ಇವಕ್ಕೆಂದೇ ಒಂದು ಚುಟುಕು ಉತ್ತರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರುತ್ತಾರೆ. ಬಾಯಿಪಾಠದ ಉತ್ತರ ಮರುಪ್ರಶ್ನೆಯವರೆಗೆ ಮಾತ್ರ ಬಾಳುತ್ತದೆ. ತಾನು ಯಾರು, ತನ್ನ ಹಿರಿಯರು ಏನನ್ನು ನಂಬಿದ್ದರು, ತಾನು ಇಂದು ಏನು ಕಲಿತೆ ಎಂಬುದು ಕೈಯಲ್ಲೂ ಗಂಟಲಲ್ಲೂ ಇಳಿದಿರುವ ಮಗುವಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಈ ಮಾತಿಗೆ ನಮ್ಮ ನೆರೆಯಲ್ಲೇ ಇರುವ ಸಾಕ್ಷಿ, ಕೇರಳದ ವಯನಾಡು ಜಿಲ್ಲೆಯ ನಡವಯಲ್‌ನಲ್ಲಿ 1994ರಲ್ಲಿ ಆರಂಭವಾದ ‘ಕನವು’ ಎಂಬ ಕಲಿಕೆಯ ತಾಣ. ಮಲಯಾಳದಲ್ಲಿ ಕನವು ಎಂದರೆ ಕನಸು. ನಿದ್ದೆಯಲ್ಲಿ ಕನವರಿಸುವ ಕನ್ನಡಿಗರಿಗೆ ಅದು ದೂರದ ಪದವೇನಲ್ಲ.

ಕನವನ್ನು ಕಟ್ಟಿದ ಕೆ.ಜೆ. ಬೇಬಿ ವೃತ್ತಿಯಿಂದ ಮೇಷ್ಟರಲ್ಲ, ನಾಟಕಕಾರರು. ಕಣ್ಣೂರು ಕಡೆಯ ಮಾವಿಲಾಯಿಯಲ್ಲಿ 1954ರಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ವಯನಾಡಿಗೆ ಬಂದವರು. ಅಲ್ಲಿನ ಅಡಿಯ ಎಂಬ ಬುಡಕಟ್ಟಿನಲ್ಲಿ ಗದ್ದಿಕ ಎಂಬ ಆಚರಣೆಯಿದೆ. ಮನೆಗೆ, ಊರಿಗೆ ತಗುಲಿದ ಕೇಡನ್ನು ಕಳೆಯಲು ಮೂಪ್ಪನ್, ಅಂದರೆ ಹಟ್ಟಿಯ ಹಿರಿಯ, ತುಡಿ ಎಂಬ ವಾದ್ಯ ಬಾರಿಸುವವರ ನಡುವೆ ದೇವರುಗಳನ್ನು ಕರೆದು ಹಾಡಿ ಕುಣಿಯುತ್ತಾನೆ. ಇಡೀ ನಾಡಿನ ಒಳಿತಿಗೆ ನಡೆಯುವುದು ನಾಡುಗದ್ದಿಕ. ಬೇಬಿ ಆ ಹೆಸರನ್ನೂ ರೂಪವನ್ನೂ ಎತ್ತಿಕೊಂಡು, ನಾಡಿಗೆ ಹಿಡಿದ ಕೇಡು ಜೀತವೇ ಎಂದು ತೋರಿಸುವ ನಾಟಕ ಬರೆದರು. ಆದಿವಾಸಿಗಳೇ ನಟರಾಗಿ ಊರೂರಿನಲ್ಲಿ ಅದನ್ನು ಆಡಿದರು. 1981ರಲ್ಲಿ ತಂಡವನ್ನು ಪೊಲೀಸರು ಬಂಧಿಸಿದರು. ಮುಂದೆ ಅದೇ ಜೀತದ ಚರಿತ್ರೆಯನ್ನು ಹೇಳುವ ಅವರ ಕಾದಂಬರಿ ‘ಮಾವೇಲಿಮನ್ರಂ’ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ತಮ್ಮ ಪೂಜೆಯೊಂದು ರಂಗದ ಮೇಲೆ ಇಷ್ಟು ಗಟ್ಟಿಯಾಗಿ ಮಾತಾಡಬಲ್ಲದು ಎಂಬುದನ್ನು ಅಡಿಯರು ಆ ನಾಟಕದಲ್ಲೇ ಕಂಡುಕೊಂಡಿದ್ದರು. ಕನವಿನ ಬೇರು ಇರುವುದು ಅಲ್ಲಿ.

‘ನೀವು ಯಾವ ಜನ?’ ಎಂಬ ಪ್ರಶ್ನೆ ಇವರಿಗೆ ಸುಲಭದ್ದಲ್ಲ. ಹೆಸರಿನ ವಿಷಯವನ್ನೇ ನೋಡಿ. ಅಡಿಯ ಎಂದರೆ ಅಡಿಯಾಳು. ಅದು ಒಡೆಯರು ಕರೆದ ಹೆಸರು. ಗಡಿಯ ಈಚೆ ಕೊಡಗಿನಲ್ಲಿ ಇದೇ ಜನರನ್ನು ನಾವು ಯರವರು ಎನ್ನುತ್ತೇವೆ. ಎರವಲು ಎಂಬ ಮಾತಿನಿಂದಲೇ ಅದು ಬಂತು ಎನ್ನುವವರಿದ್ದಾರೆ. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ರಾವುಳರು ಎಂದು. ವಯನಾಡಿನ ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವು ಭಗವತಿಯ ಜಾತ್ರೆಯಲ್ಲಿ ಜಮೀನುದಾರರು ಅಡಿಯರನ್ನೂ ಇನ್ನೊಂದು ಬುಡಕಟ್ಟಾದ ಪಣಿಯರನ್ನೂ ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಆಗ ಕೊಡುತ್ತಿದ್ದ ಹಣಕ್ಕೆ ‘ನಿಲ್ಪುಪಣಂ’ ಎಂದು ಹೆಸರು: ಆ ವರ್ಷ ಆ ಒಡೆಯನ ಬಳಿ ನಿಲ್ಲುವುದಕ್ಕೆ ಕೊಟ್ಟ ದುಡ್ಡು. ದೇವಿಯ ಎದುರಿಗೇ ಆದ ಕರಾರನ್ನು ಮುರಿದರೆ ದೇವಿ ಮುನಿಯುತ್ತಾಳೆಂಬ ಹೆದರಿಕೆ ಬೇಲಿಗಿಂತ ಬಿಗಿಯಾಗಿತ್ತು. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಇಂಥ ಮನೆಯ ಮಗುವನ್ನು ‘ನೀನು ಯಾರು?’ ಎಂದು ಕೇಳಿದರೆ ಯಾವ ಹೆಸರು ಹೇಳಬೇಕು? ನಂಬಿಕೆಯ ಮಾತೂ ಅಷ್ಟೇ. ಅದೇ ದೇವಿಯನ್ನು ಅಜ್ಜಿ ಭಕ್ತಿಯಿಂದ ಕರೆಯುತ್ತಾಳೆ, ಅಜ್ಜನನ್ನು ಆ ದೇವಿಯ ಆಣೆಯಲ್ಲೇ ಕಟ್ಟಿಹಾಕಲಾಗಿತ್ತು. ಎರಡನ್ನೂ ಮುಚ್ಚಿಡದೆ ಹೇಳಬಲ್ಲ ಮಗುವೇ ತನ್ನ ನಂಬಿಕೆಯನ್ನು ಬಲ್ಲ ಮಗು.

ಕನವಿನಲ್ಲಿ ಪಣಿಯ, ಕಾಟ್ಟುನಾಯ್ಕ ಮುಂತಾದ ಬುಡಕಟ್ಟುಗಳ ಮಕ್ಕಳು ಬೇಬಿ ಮತ್ತು ಅವರ ಪತ್ನಿ ಶೆರ್ಲಿಯವರ ಜೊತೆಯಲ್ಲೇ ಇದ್ದು ಕಲಿತರು. ಕಾಟ್ಟುನಾಯ್ಕರು ನಮ್ಮ ಜೇನುಕುರುಬರ ನೆಂಟರು, ಅವರ ನುಡಿ ಕನ್ನಡಕ್ಕೆ ಹತ್ತಿರದ್ದು. ಅಲ್ಲಿ ತರಗತಿ ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಕಳರಿ ಎಂಬ ಸಮರಕಲೆಯ ಅಭ್ಯಾಸ, ಹೊಲದ ಕೆಲಸ, ಅಡುಗೆ, ಓದು ಬರಹ, ಎಲ್ಲಕ್ಕೂ ಮೇಲಾಗಿ ಹಾಡು. ಸರ್ಕಾರಿ ಶಾಲೆಯ ಮಲಯಾಳ ಪಾಠದೆದುರು ಮೂಕರಾಗಿ ಕೂರುತ್ತಿದ್ದ ಮಕ್ಕಳಿಗೆ ಹಿರಿಯರ ಹಾಡೇ ಮೊದಲ ಪುಸ್ತಕವಾಯಿತು. ಆಮೇಲೆ ಅವರು ಊರೂರು ತಿರುಗಿ ಹಾಡಿ, ಕುಣಿದು, ಕಳರಿ ತೋರಿಸಿ ಬಂದರು. ‘ಎಷ್ಟನೇ ಕ್ಲಾಸು?’ ಎಂದು ಕೇಳುವವರ ಎದುರು ನಿಂತು, ಇದು ನಮ್ಮ ತುಡಿ, ಇದು ಇಪ್ಪಿಮಲೆಯಿಂದ ಇಳಿದು ಬಂದ ಪಣಿಯರ ಕಥೆ ಎನ್ನಬಲ್ಲ ಮಗು ಕುಗ್ಗುವುದಿಲ್ಲ. ತಮ್ಮವರ ಆಚರಣೆಗಳನ್ನು ಕಣ್ಣುಮುಚ್ಚಿ ಹೊಗಳುವುದನ್ನಷ್ಟೇ ಕನವು ಕಲಿಸಲಿಲ್ಲ ಎಂಬುದಕ್ಕೆ ಬೇಬಿ ನಿರ್ದೇಶಿಸಿದ ‘ಗುಡ’ ಚಿತ್ರ ಸಾಕ್ಷಿ. ಮೈನೆರೆದ ಹುಡುಗಿಯನ್ನು ಬೇರೆ ಗುಡಿಸಲಲ್ಲಿ ಒಂಟಿಯಾಗಿ ಇರಿಸುವ ಬುಡಕಟ್ಟಿನ ಪದ್ಧತಿಯನ್ನೇ ಅದು ಎದುರಿಗಿಟ್ಟು ನೋಡುತ್ತದೆ.

ಹಾಡಿದರೆ ಹೊಟ್ಟೆ ತುಂಬೀತೇ, ಎಸ್ಸೆಸ್ಸೆಲ್ಸಿ ಇಲ್ಲದವರಿಗೆ ಮೀಸಲಾತಿಯಾದರೂ ಎಲ್ಲಿ ದಕ್ಕೀತು ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ತೂಕವಿದೆ. ವಯನಾಡಿನ ಕುರಿಚಿಯ ಸಮುದಾಯದ ಶ್ರೀಧನ್ಯಾ ಸುರೇಶ್ 2019ರಲ್ಲಿ ಪ್ರಕಟವಾದ ಯುಪಿಎಸ್‌ಸಿ ಫಲಿತಾಂಶದಲ್ಲಿ ಗೆದ್ದು ಐಎಎಸ್ ಸೇರಿದ್ದು ಶಾಲೆ ಕಾಲೇಜಿನ ಮೆಟ್ಟಿಲು ಹತ್ತಿಯೇ. ಸರ್ಟಿಫಿಕೇಟು ಬಡವರ ಮಕ್ಕಳಿಗೆ ಅಲಂಕಾರವಲ್ಲ, ಊರುಗೋಲು. ಮನೆಯಲ್ಲೇ ಕಲಿಸುವ ಅನುಕೂಲಸ್ಥರು ಇದನ್ನು ಹಗುರವಾಗಿ ಕಾಣಬಾರದು. ಆದರೆ 14 ವರ್ಷ ತುಂಬಿದ ಮಗು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಆ ಬಾಗಿಲು ತೆರೆದೇ ಇದೆ. ಕಳೆದುಹೋದ ಹಾಡನ್ನು ಮರಳಿ ಕೊಡುವ ಪರೀಕ್ಷಾ ಮಂಡಳಿ ಎಲ್ಲಿದೆ? ಮಕ್ಕಳನ್ನು ಪ್ರದರ್ಶನಕ್ಕೆ ನಿಲ್ಲಿಸಿದಂತಾಗಲಿಲ್ಲವೇ ಎಂಬ ಇನ್ನೊಂದು ಆಕ್ಷೇಪವೂ ಇದೆ. ಬೇರೆಯವರು ಬರೆದುಕೊಟ್ಟದ್ದನ್ನು ಒಪ್ಪಿಸಿದ್ದರೆ ಆ ಮಾತು ನಿಜ. ಇಲ್ಲಿ ಮಕ್ಕಳು ಹಾಡಿದ್ದು ಅವರ ಅಜ್ಜಿಯರ ಹಾಡು. ಅದಕ್ಕಿಂತ ದೊಡ್ಡ ಸಾಕ್ಷಿ, ಸುಮಾರು ಹನ್ನೆರಡು ವರ್ಷ ನಡೆಸಿದ ಮೇಲೆ ಬೇಬಿ ದಂಪತಿ ಕನವನ್ನು ಅಲ್ಲಿ ಬೆಳೆದ ಮಕ್ಕಳ ಕೈಗೇ ಒಪ್ಪಿಸಿ ಹೊರನಡೆದದ್ದು. ಕಟ್ಟಿದ್ದನ್ನು ಹೀಗೆ ಬಿಟ್ಟುಕೊಟ್ಟವರು ನಮ್ಮ ಶಿಕ್ಷಣಸಂಸ್ಥೆಗಳಲ್ಲಿ ಎಷ್ಟು ಜನ ಸಿಕ್ಕಾರು!

ಇಂದು ಶೆರ್ಲಿಯವರಿಲ್ಲ. 2024ರ ಸೆಪ್ಟೆಂಬರ್ 1ರಂದು ಬೇಬಿಯವರೂ ನಡವಯಲ್‌ನಲ್ಲೇ ತೀರಿಕೊಂಡರು. ಬುಡಕಟ್ಟಿನ ಮಕ್ಕಳಿಗೆ ಅವರದೇ ನುಡಿ ಬಲ್ಲ ಶಿಕ್ಷಕರಿರಬೇಕೆಂದು ಕೇರಳ ಸರ್ಕಾರ 2017ರಲ್ಲಿ ‘ಗೋತ್ರಬಂಧು’ ಯೋಜನೆಯನ್ನು ವಯನಾಡಿನಲ್ಲಿ ತಂದಿತು. ಕನವು ಮೊದಲೇ ಹಿಡಿದಿದ್ದ ದಾರಿಗೆ ಅದು ತಡವಾಗಿ ಬಂದು ಸೇರಿದಂತಿದೆ. ಎಚ್.ಡಿ. ಕೋಟೆಯಿಂದ ಬಾವಲಿ ಚೆಕ್‌ಪೋಸ್ಟ್ ದಾಟಿ ವಯನಾಡಿಗೆ ಹೋಗುವ ಓದುಗರಿಗೆ ದಾರಿಯಲ್ಲಿ ರಾವುಳರ, ಪಣಿಯರ, ಕಾಟ್ಟುನಾಯ್ಕರ ಮಕ್ಕಳು ಸಿಗುತ್ತಾರೆ. ಮಾತಾಡಿಸುವುದಾದರೆ ಕ್ಲಾಸು ಕೇಳಬೇಡಿ. ನಿಮ್ಮ ಮನೆಯಲ್ಲಿ ಯಾವ ಹಾಡು ಹಾಡುತ್ತಾರೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಿಲ್ಲಿ.