ಮೇವಿನ ಯಂತ್ರ ಕೆಟ್ಟಿತೇ? ಮೊದಲು ನಿಲ್ಲಿಸಿ, ಆಮೇಲೆ ನೋಡಿ

ಹಸು ಕಟ್ಟಿದ ಮನೆಯಲ್ಲಿ ಮೇವಿನ ಕೆಲಸ ಯಾರದು? ಹೆಚ್ಚಾಗಿ ಹೆಂಗಸರದೇ. ಜೋಳದ ದಂಟನ್ನು ಹಾಗೇ ಹಾಕಿದರೆ ಹಸು ಎಲೆ ತಿನ್ನುತ್ತದೆ, ದಂಟು ಬಿಡುತ್ತದೆ. ಒಂದು ಇಂಚು ಉದ್ದಕ್ಕೆ ಕತ್ತರಿಸಿ ಹಾಕಿದರೆ ದಂಟನ್ನೂ ತಿನ್ನುತ್ತದೆ. ಮೇವು ಹಾಳಾಗುವುದಿಲ್ಲ.

ಅದಕ್ಕೇ ಹಳ್ಳಿಗಳಿಗೆ ಮೇವು ಕತ್ತರಿಸುವ ಯಂತ್ರ ಬಂದಿದೆ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಹಳೇದು ಕೊಳ್ಳುತ್ತಾರೆ. ಹಳೇದು ಅಂದ ಮೇಲೆ ಆಗಾಗ ಕೆಡುತ್ತದೆ. ಸಣ್ಣಪುಟ್ಟ ರಿಪೇರಿ ನಾವೇ ಮಾಡಬಹುದು. ಆದರೆ ಒಂದು ಮಾತು ನೆನಪಿರಲಿ. ಈ ಯಂತ್ರಕ್ಕೆ ದಂಟೂ ಒಂದೇ, ಕೈಯೂ ಒಂದೇ.

ಯಂತ್ರದಲ್ಲಿ ಏನೇನಿದೆ?

ಮೇವು ಇಡಲು ತೊಟ್ಟಿ ಇದೆ. ಅದರ ತುದಿಗೆ ಹಲ್ಲಿರುವ 2 ರೋಲರುಗಳಿವೆ. ಅವು ಮೇವನ್ನು ಒಳಗೆ ಎಳೆಯುತ್ತವೆ. ಅದರಾಚೆ ದೊಡ್ಡ ಚಕ್ರ. ಚಕ್ರಕ್ಕೆ 2 ಅಥವಾ 3 ಬ್ಲೇಡು. ಮೇವು ಹೊರಬರುವ ಬಾಯಿಗೆ ಒಂದು ಉಕ್ಕಿನ ಪಟ್ಟಿ. ಬ್ಲೇಡು ಈ ಪಟ್ಟಿಯನ್ನು ಸವರಿದ ಹಾಗೆ ಹಾದು ಹೋಗುತ್ತದೆ. ಕತ್ತರಿಯ ಎರಡು ಅಲಗು ಇದ್ದ ಹಾಗೆ. ಮೋಟಾರು ಬೆಲ್ಟಿನಿಂದ ಚಕ್ರವನ್ನು ತಿರುಗಿಸುತ್ತದೆ.

ಕೊಳ್ಳುವ ಮುಂಚೆ

ಬಣ್ಣ ನೋಡಿ ಮರುಳಾಗಬೇಡಿ. ಯಂತ್ರ ನಿಂತಿರುವಾಗ ಚಕ್ರದ ಅಂಚು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಗಡಗಡ ಅಂದರೆ ಬೇರಿಂಗ್ ಸವೆದಿದೆ. ಬೇರಿಂಗ್ ಬದಲಾಯಿಸಬಹುದು. ಬೆಲೆಯಲ್ಲಿ ಅಷ್ಟು ಕಡಿಮೆ ಕೇಳಿ. ಚಕ್ರದಲ್ಲಿ ಬಿರುಕು ಇದೆಯೇ? ಬೆಸುಗೆ ಹಾಕಿದ್ದಾರೆಯೇ? ಹಾಗಾದರೆ ಬೇಡವೇ ಬೇಡ. ಓಡುವಾಗ ಒಡೆದು ಸಿಡಿಯಬಹುದು.

ಚಕ್ರಕ್ಕೂ ಬೆಲ್ಟಿಗೂ ಮುಚ್ಚಳ ಇರಬೇಕು. ತೊಟ್ಟಿ 2 ಮೊಳ ಉದ್ದ ಇರಲಿ. ರೋಲರಿನ ಕಡೆಯ ಅರ್ಧ ಮುಚ್ಚಿರಲಿ. ಆಗ ಕೈ ರೋಲರಿಗೆ ಎಟಕುವುದಿಲ್ಲ. ಇವು ಇಲ್ಲದಿದ್ದರೆ ಮೊದಲು ಮಾಡಿಸಿ, ಆಮೇಲೆ ಓಡಿಸಿ.

ಮುಟ್ಟುವ ಮುಂಚೆ

ಸ್ವಿಚ್ ಆರಿಸಿ. ಅಷ್ಟು ಸಾಲದು. ಪ್ಲಗ್ ಕಿತ್ತಿಡಿ. ಪ್ಲಗ್ ಇಲ್ಲದಿದ್ದರೆ ಮೇನ್ ಸ್ವಿಚ್ ಆರಿಸಿ. ಯಾರೂ ಮತ್ತೆ ಹಾಕದಂತೆ ಒಬ್ಬರು ಅಲ್ಲೇ ನಿಲ್ಲಲಿ. ಚಕ್ರ ಭಾರ. ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಪೂರ್ತಿ ನಿಲ್ಲಲಿ. ಆಮೇಲೆ ಚಕ್ರ ಅಲುಗದಂತೆ ಮರದ ತುಂಡು ಸಿಕ್ಕಿಸಿ. ಯಂತ್ರ ಹಾಕುವ ಮುಂಚೆ ಅದನ್ನು ತೆಗೆಯಲು ಮರೆಯಬೇಡಿ.

ಕರೆಂಟ್ ಹೋಯ್ತು ಅಂತ ಮಾತ್ರ ಕೈ ಹಾಕಬೇಡಿ. ಸ್ವಿಚ್ ಹಾಕಿದ ಹಾಗೇ ಇದ್ದರೆ, ಕರೆಂಟ್ ಬಂದ ಕ್ಷಣ ಚಕ್ರ ತಿರುಗುತ್ತದೆ. ನಿಮ್ಮನ್ನು ಕೇಳಿ ತಿರುಗುವುದಿಲ್ಲ.

ಯಾವ ತೊಂದರೆಗೆ ಏನು ಮಾಡಬೇಕು?

1. ಮೇವು ಜಜ್ಜಿದ ಹಾಗೆ, ನಾರುನಾರಾಗಿ ಬರುತ್ತದೆ. ಬ್ಲೇಡು ಮೊಂಡಾಗಿದೆ, ಇಲ್ಲವೇ ಬ್ಲೇಡಿಗೂ ಪಟ್ಟಿಗೂ ನಡುವೆ ಸಂದು ಹೆಚ್ಚಾಗಿದೆ. ಬ್ಲೇಡು ಬಿಚ್ಚಿ ಸಾಣೆ ಹಿಡಿಸಿ. ಇಳಿಜಾರಿರುವ ಮಗ್ಗುಲಿಗೆ ಮಾತ್ರ ಸಾಣೆ. ಚಪ್ಪಟೆ ಮಗ್ಗುಲಿಗೆ ಬೇಡ. ಮತ್ತೆ ಕೂರಿಸಿದ ಮೇಲೆ ಪಟ್ಟಿಯ ಮೇಲೆ ಕಾಗದ ಇಟ್ಟು, ಚಕ್ರವನ್ನು ನಿಧಾನವಾಗಿ ಕೈಯಿಂದ ತಿರುಗಿಸಿ. ಇನ್ನೊಂದು ಕೈ ಬ್ಲೇಡಿನಿಂದ ದೂರ ಇರಲಿ. ಕಾಗದ ಸರಿಯಾಗಿ ಕತ್ತರಿಸಿದರೆ ಸಂದು ಸರಿ ಇದೆ. ಬ್ಲೇಡು ಪಟ್ಟಿಗೆ ತಾಗಿ ಕಿರ್ ಅನ್ನಬಾರದು.

2. ಯಂತ್ರ ಗಡಗಡ ನಡುಗುತ್ತದೆ. ಕೂಡಲೇ ನಿಲ್ಲಿಸಿ. ಬ್ಲೇಡಿನ ಬೋಲ್ಟು ಸಡಿಲವಾಗಿರಬಹುದು. ಸಡಿಲವಾದ ಬ್ಲೇಡು ಹಾರಿ ಬರುತ್ತದೆ. ಸ್ಪ್ಯಾನರಿನಿಂದ ಬಿಗಿ ಮಾಡಿ. ಒಂದು ಬ್ಲೇಡು ಸವೆದು ಹಗುರ, ಇನ್ನೊಂದು ಹೊಸದು ಅಂದರೂ ನಡುಕ ಬರುತ್ತದೆ. ಬದಲಾಯಿಸಿದರೆ ಎಲ್ಲಾ ಬ್ಲೇಡನ್ನೂ ಒಟ್ಟಿಗೇ ಬದಲಾಯಿಸಿ.

3. ಮೇವು ಸಿಕ್ಕಿಕೊಂಡಿದೆ. ಕೈಯಿಂದ, ಕೋಲಿನಿಂದ ತಳ್ಳಬೇಡಿ. ಹಿಂದಕ್ಕೆ ತಿರುಗಿಸುವ ಹಿಡಿ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಯಂತ್ರ ನಿಲ್ಲಿಸಿ, ಮೇಲೆ ಹೇಳಿದ ಹಾಗೆ ಮಾಡಿ, ಆಮೇಲೆ ಎಳೆದು ತೆಗೆಯಿರಿ. ಮುಂದೆ ಕಂತೆ ಸಣ್ಣದಾಗಿ ಕೊಡಿ.

4. ಮೋಟಾರು ತಿರುಗುತ್ತದೆ, ಚಕ್ರ ತಿರುಗೋದಿಲ್ಲ. ಬೆಲ್ಟು ಸಡಿಲ. ಯಂತ್ರ ನಿಂತ ಮೇಲೆ ಬೆಲ್ಟಿನ ನಡುವೆ ಹೆಬ್ಬೆಟ್ಟಿನಿಂದ ಒತ್ತಿ. ಬೆರಳು ದಪ್ಪಕ್ಕಿಂತ ಹೆಚ್ಚು ಬಗ್ಗಿದರೆ ಮೋಟಾರನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬೋಲ್ಟು ಬಿಗಿ ಮಾಡಿ. ಬೆಲ್ಟು ಬಿರಿದಿದ್ದರೆ ಹೊಸದು ಹಾಕಿ.

5. ಮೋಟಾರು ಗುಂಯ್ ಅನ್ನುತ್ತದೆ, ತಿರುಗೋದಿಲ್ಲ. ಕೂಡಲೇ ಆರಿಸಿ. ಇಲ್ಲದಿದ್ದರೆ ಸುಟ್ಟು ಹೋಗುತ್ತದೆ. ಎಲ್ಲೂ ಮೇವು ಸಿಕ್ಕಿಲ್ಲ ಅಂದರೆ ಇದು ಕರೆಂಟಿನ ದೋಷ. ಕೆಲಸ ಗೊತ್ತಿದ್ದವರನ್ನೇ ಕರೆಸಿ. ಯಂತ್ರ ಮುಟ್ಟಿದರೆ ಜುಂ ಅಂದರೂ ಅಷ್ಟೇ. ಅರ್ತ್ ತಂತಿ ಸರಿಮಾಡಿಸುವ ತನಕ ಯಂತ್ರ ಹಾಕಬೇಡಿ.

ದಿನಾ ಮಾಡುವ ಕೆಲಸ

ಸೆರಗು ಸಿಕ್ಕಿಸಿ. ಜಡೆ ಮೇಲೆ ಕಟ್ಟಿ. ಬಳೆಯನ್ನು ಹಿಂದಕ್ಕೆ ಸರಿಸಿ ಸಾಲದು, ತೆಗೆದಿಡಿ. ಬೋಲ್ಟುಗಳನ್ನು ಮುಟ್ಟಿ ನೋಡಿ. ವಾರಕ್ಕೊಮ್ಮೆ ಬೇರಿಂಗಿಗೆ ಗ್ರೀಸ್ ಹಾಕಿ. ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತಿಡಿ. ಮಕ್ಕಳು ಆಡುತ್ತಾ ಚಕ್ರ ತಿರುಗಿಸಬಹುದು.

ಬ್ಲೇಡು ಹೋದರೆ ಪೇಟೆಯಲ್ಲಿ ಸಿಗುತ್ತದೆ. ಬೆರಳು ಸಿಗುವುದಿಲ್ಲ.

ನೀವೇ ಮಾತಾಡಿಕೊಳ್ಳಿ

ನಿಮ್ಮ ಊರಿನ ಮೇವಿನ ಯಂತ್ರಕ್ಕೆ ಮುಚ್ಚಳ ಇದೆಯೇ? ತೊಟ್ಟಿ ಎಷ್ಟು ಮೊಳ ಇದೆ? ಅಳೆದು ನೋಡಿ, ಬರೆದಿಡಿ.